ಹಳೆಯ ಆಡಿ, ಬೆಂಜ್, ಬಿಎಂಡಬ್ಲ್ಯುಗೆ ಕೈಗೆಟುಕುವ ಸ್ಕ್ಯಾನರ್: ಯಾವುದು ಕೊಳ್ಳಬೇಕು, ಅದರಿಂದ ಎಷ್ಟು ಕೆಲಸ ಆಗುತ್ತದೆ

ಎಬಿಎಸ್ ದೀಪ ಹೊತ್ತಿಕೊಂಡಿದೆ, ಪಕ್ಕದಲ್ಲೇ ಏರ್‌ಬ್ಯಾಗ್ ದೀಪವೂ ಕೆಂಪಗೆ ನಿಂತಿದೆ. ಸಾವಿರ ರೂಪಾಯಿಯೊಳಗೆ ಸಿಗುವ ಬ್ಲೂಟೂತ್ ಡಾಂಗಲನ್ನು ಕಾರಿನ ತಪಾಸಣೆ ಸಾಕೆಟ್‌ಗೆ ಸಿಕ್ಕಿಸಿ ಆ್ಯಪ್ ತೆರೆದರೆ ಬರುವ ಉತ್ತರ: ಫಾಲ್ಟ್ ಕೋಡ್ ಇಲ್ಲ. ಡಾಂಗಲ್ ಸುಳ್ಳು ಹೇಳುತ್ತಿಲ್ಲ. ಅದು ವಿಚಾರಿಸಿದ್ದು ಎಂಜಿನ್ ಕಂಪ್ಯೂಟರನ್ನು, ಅದೂ ಹೊಗೆಗೆ ಸಂಬಂಧಪಟ್ಟಷ್ಟನ್ನು. ಎಬಿಎಸ್, ಏರ್‌ಬ್ಯಾಗ್ ಮಾಡ್ಯೂಲ್‌ಗಳ (ಆಯಾ ಭಾಗವನ್ನು ನಡೆಸುವ ಸಣ್ಣ ಕಂಪ್ಯೂಟರ್‌ಗಳ) ಬಾಗಿಲನ್ನು ಅದು ತಟ್ಟಲೇ ಇಲ್ಲ.

ಕಾರು ತನ್ನ ದೋಷವನ್ನು ತಾನೇ ಹೇಳುವ ಒಬಿಡಿ-2 ಎಂಬ ವ್ಯವಸ್ಥೆ ಬಂದದ್ದೇ ಹೊಗೆ ನಿಯಂತ್ರಣದ ಕಾನೂನಿನಿಂದ. ಅಮೆರಿಕದಲ್ಲಿ 1996ರ ಮಾಡೆಲ್‌ಗಳಿಂದ, ನಮ್ಮಲ್ಲಿ ಬಿಎಸ್-4 ಕಾರುಗಳಿಗೆ 2013ರ ಏಪ್ರಿಲ್‌ನಿಂದ ಅದು ಕಡ್ಡಾಯ. ಎಲ್ಲ ಕಂಪನಿಗಳೂ ಒಂದೇ ಭಾಷೆಯಲ್ಲಿ ಹೇಳಬೇಕಾದದ್ದು ಅಷ್ಟು ಮಾತ್ರ. ಗೇರ್‌ಬಾಕ್ಸ್ ಒಳಗಿನ ಸಂಗತಿ, ಎಬಿಎಸ್, ಏರ್‌ಬ್ಯಾಗ್, ಏರ್ ಸಸ್ಪೆನ್ಷನ್, ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್, ಸ್ಟೇರಿಂಗ್ ಲಾಕ್ ಇವೆಲ್ಲ ಆಯಾ ಕಂಪನಿಯ ಸ್ವಂತ ಭಾಷೆಯಲ್ಲೇ ಮಾತಾಡುತ್ತವೆ. ಒಂದು ಇ-ಕ್ಲಾಸ್ ಅಥವಾ 5 ಸೀರೀಸ್‌ನಲ್ಲಿ ಇಂಥ ಹತ್ತಾರು ಮಾಡ್ಯೂಲ್‌ಗಳಿವೆ. ಆದ್ದರಿಂದ ಸ್ಕ್ಯಾನರ್ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಪರದೆ ಎಷ್ಟು ದೊಡ್ಡದು, ಎಷ್ಟು ಸಾವಿರ ಕೋಡ್ ಓದುತ್ತದೆ ಎಂಬುದಲ್ಲ. ನಿಮ್ಮ ಕಾರಿನ ಎಲ್ಲ ಮಾಡ್ಯೂಲ್‌ಗಳ ಜತೆ ಅದು ಮಾತಾಡಬಲ್ಲದೇ, ನೀವೇ ಮಾಡಿಕೊಳ್ಳುವ ರಿಪೇರಿಗೆ ಬೇಕಾದ ಆಜ್ಞೆಗಳನ್ನು ಕೊಡಬಲ್ಲದೇ ಎಂಬುದು.

ಅಗ್ಗದ ಡಾಂಗಲ್‌ಗಳ ಬಗ್ಗೆ ಇನ್ನೊಂದು ಮಾತು. ಪೆಟ್ಟಿಗೆಯ ಮೇಲೆ ಒಳಗಿನ ಚಿಪ್‌ನ ಹೆಸರು 'ಇಎಲ್‌ಎಂ327 ವಿ1.5' ಎಂದು ಅಚ್ಚಾಗಿರುವುದನ್ನು ಎಲ್ಲೆಡೆ ನೋಡಬಹುದು. ಮೂಲ ಚಿಪ್ ತಯಾರಿಸಿದ ಕಂಪನಿ 1.5 ಎಂಬ ಆವೃತ್ತಿಯನ್ನು ಹೊರತಂದೇ ಇಲ್ಲ. ನಕಲಿ ಚಿಪ್‌ಗಳು ಎಂಜಿನ್ ಕೋಡ್ ಓದಲು ಸಾಕು, ಆದರೆ ಉದ್ದನೆಯ ಸಂದೇಶ ಬಂದಾಗ ಅರ್ಧದಲ್ಲೇ ಕೈಬಿಡುತ್ತವೆ. ಅಂಥದ್ದರಿಂದ ಮಾಡ್ಯೂಲ್‌ಗೆ ಏನನ್ನಾದರೂ ಬರೆಯಲು ಹೋಗುವುದಂತೂ ಬೇಡವೇ ಬೇಡ.

ಯಾವುದು ಯಾರಿಗೆ

ಮನೆಯಲ್ಲಿರುವುದು ಒಂದೇ ಬ್ರ್ಯಾಂಡ್‌ನ ಕಾರಾದರೆ ಐಕಾರ್‌ಸಾಫ್ಟ್‌ನ ವಿ3.0 ಸರಣಿ ನಮ್ಮ ಮೊದಲ ಆಯ್ಕೆ. ಬ್ರ್ಯಾಂಡಿಗೊಂದು ಯಂತ್ರ ಇರುವುದೇ ಇದರ ಅನುಕೂಲ: ಬೆಂಜ್‌ಗೆ ಎಂಬಿ, ಬಿಎಂಡಬ್ಲ್ಯು ಮತ್ತು ಮಿನಿಗೆ ಬಿಎಂಎಂ, ಆಡಿ, ಫೋಕ್ಸ್‌ವ್ಯಾಗನ್, ಸ್ಕೋಡಾಗಳಿಗೆ ವಿಎಡಬ್ಲ್ಯುಎಸ್, ಲ್ಯಾಂಡ್‌ರೋವರ್ ಮತ್ತು ಜಾಗ್ವಾರ್‌ಗೆ ಎಲ್‌ಆರ್, ಪೋರ್ಷೆಗೆ ಪಿಒಆರ್. ಎಲ್ಲ ಮಾಡ್ಯೂಲ್‌ಗಳ ಕೋಡ್ ಓದಿ ಅಳಿಸುತ್ತದೆ, ಲೈವ್ ಡೇಟಾ (ಸೆನ್ಸರ್‌ಗಳು ಆ ಕ್ಷಣ ಹೇಳುತ್ತಿರುವ ಅಂಕೆಗಳು) ತೋರಿಸುತ್ತದೆ. ಆಯಿಲ್ ಸರ್ವಿಸ್ ರೀಸೆಟ್, ಹ್ಯಾಂಡ್‌ಬ್ರೇಕ್ ಬಿಚ್ಚುವುದು, ಬ್ಯಾಟರಿ ರಿಜಿಸ್ಟ್ರೇಷನ್, ಸ್ಟೇರಿಂಗ್ ಆ್ಯಂಗಲ್ ಹೊಂದಿಸುವುದು, ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಒಳಗಿನ ಮಸಿ ಸುಡುವುದು ಇವೂ ಮಾಡೆಲ್‌ಗೆ ತಕ್ಕಂತೆ ಆಗುತ್ತವೆ. ಫೋನ್ ಬೇಡ, ಲ್ಯಾಪ್‌ಟಾಪ್ ಬೇಡ, ಚಂದಾ ಬೇಡ. ಕೊರತೆ ಇರುವುದು ಮೆನುವಿನ ಇಂಗ್ಲಿಷಿನಲ್ಲಿ. ಫಾಲ್ಟ್ ವಿವರಣೆ ಕೆಲವೆಡೆ ಎಡವಟ್ಟಾಗಿ ಅನುವಾದಗೊಂಡಿರುತ್ತದೆ. ವಿವರಣೆಗಿಂತ ಕೋಡ್ ನಂಬರ್ ಬರೆದುಕೊಂಡು ಅದನ್ನೇ ಹುಡುಕುವುದು ಒಳ್ಳೆಯದು.

ಫಾಕ್ಸ್‌ವೆಲ್ ಎನ್‌ಟಿ510 ಎಲೀಟ್ ಹೆಚ್ಚುಕಡಿಮೆ ಅದೇ ಬೆಲೆಯ ಪ್ರತಿಸ್ಪರ್ಧಿ. ಕೊಳ್ಳುವಾಗ ಒಂದು ಬ್ರ್ಯಾಂಡ್‌ನ ಸಾಫ್ಟ್‌ವೇರ್ ಜತೆಗೆ ಬರುತ್ತದೆ, ಬೇಕೆಂದರೆ ಮುಂದೆ ಇನ್ನೊಂದನ್ನು ದುಡ್ಡು ಕೊಟ್ಟು ಸೇರಿಸಿಕೊಳ್ಳಬಹುದು. ಇದರ ಬಲ ಆ್ಯಕ್ಟಿವ್ ಟೆಸ್ಟ್‌ನಲ್ಲಿದೆ. ರೇಡಿಯೇಟರ್ ಫ್ಯಾನ್ ತಿರುಗಿಸು, ಫ್ಯೂಯಲ್ ಪಂಪ್ ಓಡಿಸು ಎಂದು ಸ್ಕ್ಯಾನರಿನಿಂದಲೇ ಆಜ್ಞೆ ಕೊಡಬಹುದು. ಫ್ಯಾನ್ ಕೋಡ್ ಬಂದಾಗ ಫ್ಯಾನ್ ಸುಟ್ಟಿದೆಯೋ, ಅದಕ್ಕೆ ಆಜ್ಞೆಯೇ ಹೋಗುತ್ತಿಲ್ಲವೋ ಎಂಬುದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಮನೆಗೆ ಎರಡನೇ ಬ್ರ್ಯಾಂಡ್‌ನ ಕಾರು ಬರುವ ಸಾಧ್ಯತೆ ಇದ್ದರೆ ಐಕಾರ್‌ಸಾಫ್ಟ್‌ಗಿಂತ ಇದೇ ಮೇಲು.

ಆಟೆಲ್ ಎಪಿ200 ಹೆಬ್ಬೆರಳಿನಷ್ಟು ದೊಡ್ಡ ಡಾಂಗಲ್, ಪರದೆ ನಿಮ್ಮ ಫೋನೇ. ಮೊದಲ ಬ್ರ್ಯಾಂಡ್ ಉಚಿತ, ಉಳಿದವಕ್ಕೆ ವರ್ಷಕ್ಕಿಷ್ಟು ಎಂದು ಕಟ್ಟಬೇಕು. ಕೆಲಸದಲ್ಲಿ ದೊಡ್ಡ ಯಂತ್ರಗಳಿಗೆ ಕಡಿಮೆಯಿಲ್ಲ. ಆದರೆ ಹ್ಯಾಂಡ್‌ಬ್ರೇಕ್ ಮೋಟಾರ್ ಹಿಂದಕ್ಕೆ ಸರಿಯುತ್ತಿರುವಾಗಲೇ ಫೋನಿಗೆ ಕರೆ ಬಂದು ಬ್ಲೂಟೂತ್ ಕಡಿದರೆ ಕೆಲಸ ನಡುವೆ ನಿಂತುಹೋಗುತ್ತದೆ. ಬಳಸುವುದಾದರೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಬ್ಲೂಟೂತ್ ಮಾತ್ರ ಆನ್ ಮಾಡಿಕೊಳ್ಳಿ. ಇಂಟರ್ನೆಟ್ ಬೇಕಾದ ಡೌನ್‌ಲೋಡ್‌ಗಳನ್ನು ಮೊದಲೇ ಮುಗಿಸಿರಿ.

ಲಾಂಚ್ ಸಿಆರ್‌ಪಿ129 ಹಲವು ಬ್ರ್ಯಾಂಡ್‌ಗಳಿಗೆ ಆಗುತ್ತದೆ ಎಂದು ಅಂಗಡಿಗಳಲ್ಲಿ ತೋರಿಸುವ ಯಂತ್ರ. ಅದು ಓದುವುದು ಎಂಜಿನ್, ಗೇರ್‌ಬಾಕ್ಸ್, ಎಬಿಎಸ್, ಏರ್‌ಬ್ಯಾಗ್ ಈ ನಾಲ್ಕನ್ನು. ಮಾರುತಿ, ಹ್ಯುಂಡೈ ಇರುವ ಮನೆಗೆ ಚೆನ್ನ. ಏರ್ ಸಸ್ಪೆನ್ಷನ್ ಇರುವ ಬೆಂಜ್‌ಗೆ ಸಾಲದು.

ಆಡಿ ಮಾಲೀಕರಿಗೆ ಬೇರೆಯೇ ಸಲಹೆ. ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ ಕೈಯಂತ್ರದ ಬದಲು ರಾಸ್-ಟೆಕ್‌ನ ವಿಸಿಡಿಎಸ್ ಕೇಬಲ್ ತೆಗೆದುಕೊಳ್ಳಿ. ಮೂರು ಕಾರುಗಳಿಗೆ ಮೀಸಲಾದ ಆವೃತ್ತಿ ಮನೆ ಬಳಕೆಗೆ ಧಾರಾಳ. ಬೆಲೆ ಹೆಚ್ಚು, ಆದರೆ ಕೋಡ್ ಬಂದಾಗ ಕಾರು ಎಷ್ಟು ಕಿಲೋಮೀಟರ್ ಓಡಿತ್ತು, ಯಾವ ತಾರೀಖು, ಎಷ್ಟು ವೋಲ್ಟೇಜ್ ಎಂಬ ವಿವರಗಳು ಇಷ್ಟು ಶುದ್ಧವಾಗಿ ಬೇರೆ ಯಾವ ಅಗ್ಗದ ಯಂತ್ರದಲ್ಲೂ ಸಿಗುವುದಿಲ್ಲ. ಬಿಎಂಡಬ್ಲ್ಯುವಿಗೆ ತೀರ ಕಡಿಮೆ ಖರ್ಚಿನ ದಾರಿ ಬೇಕೆಂದರೆ ವಿಲಿಂಕರ್ ಅಥವಾ ಒಬಿಡಿಲಿಂಕ್‌ನಂಥ ನಂಬಿಕಸ್ತ ಅಡಾಪ್ಟರ್ ಮತ್ತು ಬಿಮ್ಮರ್‌ಲಿಂಕ್ ಆ್ಯಪ್ ಸಾಕು. ಬ್ಯಾಟರಿ ರಿಜಿಸ್ಟ್ರೇಷನ್ ಅದರಲ್ಲೇ ಆಗುತ್ತದೆ.

ಸಿಕ್ಕಿಸುವ ಮುನ್ನ

ಇಗ್ನಿಷನ್ ಆನ್ ಮಾಡಿ ಎಂಜಿನ್ ಓಡಿಸದೆ ಅರ್ಧ ಗಂಟೆ ಸ್ಕ್ಯಾನ್ ಮಾಡಿದರೆ ಈ ಕಾರುಗಳು ಬ್ಯಾಟರಿಯನ್ನು ಚೆನ್ನಾಗಿಯೇ ಕುಡಿಯುತ್ತವೆ. ವೋಲ್ಟೇಜ್ ಬಿದ್ದಂತೆ ಮಾಡ್ಯೂಲ್‌ಗಳು 'ಅಂಡರ್‌ವೋಲ್ಟೇಜ್', 'ಸಂಪರ್ಕ ಇಲ್ಲ' ಎಂಬ ಹೊಸ ಕೋಡ್‌ಗಳನ್ನು ಬರೆಯತೊಡಗುತ್ತವೆ, ಅಸಲಿ ಕೋಡ್ ಅವುಗಳ ನಡುವೆ ಕಳೆದುಹೋಗುತ್ತದೆ. 10 ಆ್ಯಂಪಿಯರ್ ಚಾರ್ಜರ್ ಹಚ್ಚಿ, ಹೆಡ್‌ಲೈಟ್ ಮತ್ತು ಎಸಿ ಬ್ಲೋವರ್ ಆರಿಸಿ, ಆಮೇಲೆ ಶುರು ಮಾಡಿ. ಬ್ಯಾಟರಿ ಡಿಕ್ಕಿಯಲ್ಲಿರುವ ಬಿಎಂಡಬ್ಲ್ಯುಗಳಲ್ಲಿ ಬಾನೆಟ್ ಕೆಳಗಿನ ಜಂಪ್ ಟರ್ಮಿನಲ್‌ಗೇ ಚಾರ್ಜರ್ ಹಚ್ಚಬೇಕು. ನೆಗೆಟಿವ್ ಕ್ಲಿಪ್ಪನ್ನು ನೇರ ಬ್ಯಾಟರಿಗೆ ಹಾಕಿದರೆ ಅಲ್ಲಿರುವ, ಬ್ಯಾಟರಿಯ ಲೆಕ್ಕವಿಡುವ ಐಬಿಎಸ್ ಸೆನ್ಸರ್‌ಗೆ ಒಳಹೋದ ಕರೆಂಟಿನ ಲೆಕ್ಕ ಸಿಗುವುದಿಲ್ಲ.

ಸ್ಕ್ಯಾನರ್ ಪರದೆ ಬೆಳಗಲೇ ಇಲ್ಲ ಎಂದರೆ ಯಂತ್ರವನ್ನು ಬೈಯುವ ಮುನ್ನ ಮಲ್ಟಿಮೀಟರ್ ತೆಗೆದುಕೊಳ್ಳಿ. 16 ಪಿನ್ ಸಾಕೆಟ್‌ನಲ್ಲಿ 16ನೇ ಪಿನ್‌ಗೂ 4ನೇ ಪಿನ್‌ಗೂ ನಡುವೆ ಬ್ಯಾಟರಿ ವೋಲ್ಟೇಜ್ ಬರಬೇಕು. ಬರದಿದ್ದರೆ ಫ್ಯೂಸ್ ಹೋಗಿರಬಹುದು. ಪವರ್ ಇದ್ದೂ ಯಾವ ಮಾಡ್ಯೂಲೂ ಸಿಗದಿದ್ದರೆ ಬ್ಯಾಟರಿ ಕೇಬಲ್ ಬಿಚ್ಚಿ 6 ಮತ್ತು 14ನೇ ಪಿನ್ ನಡುವಿನ ರೆಸಿಸ್ಟೆನ್ಸ್ ಅಳೆಯಿರಿ. ಸಾಮಾನ್ಯವಾಗಿ 60 ಓಮ್ ಆಸುಪಾಸು ಇರಬೇಕು. 120 ತೋರಿಸಿದರೆ ಮಾಡ್ಯೂಲ್‌ಗಳನ್ನು ಜೋಡಿಸುವ ಕ್ಯಾನ್ ತಂತಿಯ ಒಂದು ತುದಿ ಎಲ್ಲೋ ಕಡಿದಿದೆ. ಸೊನ್ನೆಯ ಹತ್ತಿರವಾದರೆ ಎರಡು ತಂತಿ ಒಂದಕ್ಕೊಂದು ತಾಗಿವೆ.

ಮೊದಲ ಸ್ಕ್ಯಾನ್‌ನಲ್ಲಿ ಏನನ್ನೂ ಅಳಿಸಬೇಡಿ. ಎಲ್ಲ ಮಾಡ್ಯೂಲ್‌ಗಳ ಪಟ್ಟಿ ಓದಿ, ಪರದೆಯ ಫೋಟೊ ತೆಗೆದುಕೊಂಡು, ಆಮೇಲೆ ಅಳಿಸಿ, ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ, ಮತ್ತೆ ಓದಿ. ಯಾವತ್ತೋ ಬ್ಯಾಟರಿ ಇಳಿದಾಗ ಬಂದ ಹಳೆಯ ಕೋಡ್‌ಗಳು ಹೋಗುತ್ತವೆ. ಮರಳಿ ಬಂದವೇ ನಿಜವಾದ ಕಾಯಿಲೆ.

ಹಿಂದಿನ ಬ್ರೇಕ್ ಪ್ಯಾಡ್: ಸ್ಕ್ಯಾನರ್ ದುಡ್ಡು ವಾಪಸ್ ಬರುವ ಜಾಗ

ಆಡಿ ಎ4 ಬಿ8 ಅನ್ನೇ ತೆಗೆದುಕೊಳ್ಳಿ. ಹಿಂದಿನ ಎರಡೂ ಕ್ಯಾಲಿಪರ್‌ಗಳ (ಬ್ರೇಕ್ ಪ್ಯಾಡ್ ಒತ್ತುವ ಹಿಡಿಗಳ) ಬೆನ್ನಿಗೆ ಹ್ಯಾಂಡ್‌ಬ್ರೇಕ್ ಮೋಟಾರ್ ಕೂತಿದೆ. ಮೋಟಾರ್ ತಿರುಗಿಸುವ, ಪಿಸ್ಟನ್ ಹಿಂದಿನ ಸ್ಪಿಂಡಲನ್ನು ಹಿಂದಕ್ಕೆ ಕರೆಸದೆ ಸಿ-ಕ್ಲ್ಯಾಂಪ್ ಹಾಕಿ ಪಿಸ್ಟನ್ ಒತ್ತಿದರೆ ಸ್ಪಿಂಡಲ್, ಗೇರ್ ಹಾಳಾಗುತ್ತವೆ. ಎರಡು ಪ್ಯಾಡ್‌ಗೆ ಹೋದ ಕೆಲಸ ಕ್ಯಾಲಿಪರ್ ಬೆಲೆಗೆ ನಿಲ್ಲುತ್ತದೆ.

ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಕಲ್ಲು ಕೊಡಿ. ಚಾರ್ಜರ್ ಹಚ್ಚಿ, ಇಗ್ನಿಷನ್ ಆನ್, ಎಂಜಿನ್ ಆಫ್, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ. ಸ್ಕ್ಯಾನರಿನಲ್ಲಿ 53ನೇ ವಿಳಾಸ, ಅಂದರೆ ಪಾರ್ಕಿಂಗ್ ಬ್ರೇಕ್ ಮಾಡ್ಯೂಲ್ ತೆರೆದು ಪ್ಯಾಡ್ ಬದಲಿಸುವ ಆಜ್ಞೆ ಕೊಡಿ. ಹಿಂದಿನಿಂದ ಗುಂಯ್ ಎಂಬ ಸದ್ದು ಕೆಲವು ಸೆಕೆಂಡ್ ಬಂದು, ಸಣ್ಣಗೆ ಬದಲಾಗಿ ನಿಲ್ಲುತ್ತದೆ. ಎಡ, ಬಲ ಎರಡೂ ಕಡೆಯ ಸದ್ದು ಕೇಳಿಸಿಕೊಳ್ಳಿ. ಒಂದೇ ಕಡೆ ಬಂದರೆ ಇನ್ನೊಂದು ಮೋಟಾರ್ ಅಲುಗಿಲ್ಲ, ಅಲ್ಲೇ ನಿಲ್ಲಿಸಿ. ಸದ್ದು ನಿಂತಿತೆಂದರೆ ಪಿಸ್ಟನ್ ಒಳಗೆ ಹೋಯಿತೆಂದು ಅರ್ಥವಲ್ಲ, ಸ್ಪಿಂಡಲ್ ಮಾತ್ರ ಸರಿದಿದೆ. ಪಿಸ್ಟನ್ನನ್ನು ಈಗ ನೇರವಾಗಿ, ತಿರುಗಿಸದೆ, ನಿಧಾನ ಒತ್ತಬೇಕು. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಸಡಿಲಿಸಿ ಮಟ್ಟ ನೋಡುತ್ತಿರಿ, ಉಕ್ಕಿ ಬಣ್ಣದ ಮೇಲೆ ಬಿದ್ದರೆ ಬಣ್ಣ ಏಳುತ್ತದೆ.

ಈ ನಡುವೆ ಯಾರೂ ಬ್ರೇಕ್ ಪೆಡಲ್ ತುಳಿಯಬಾರದು, ಹ್ಯಾಂಡ್‌ಬ್ರೇಕ್ ಬಟನ್ ಮುಟ್ಟಬಾರದು. ಹೊಸ ಪ್ಯಾಡ್ ಕೂರಿಸಿ ಕ್ಯಾಲಿಪರ್ ಬೋಲ್ಟ್ ಬಿಗಿಮಾಡಿದ ಮೇಲೆ ಪೆಡಲನ್ನು ಗಟ್ಟಿಯಾಗುವ ತನಕ ತುಳಿಯಿರಿ. ಆಮೇಲೆ ಮುಚ್ಚುವ ಆಜ್ಞೆ ಕೊಟ್ಟು, ಬಟನ್‌ನಿಂದ ಎರಡು ಮೂರು ಸಲ ಹ್ಯಾಂಡ್‌ಬ್ರೇಕ್ ಹಾಕಿ ಬಿಡಿಸಿ ನೋಡಿ. ಕೊನೆಗೆ ಅದೇ ಮಾಡ್ಯೂಲಿನ ಕೋಡ್ ಮತ್ತೊಮ್ಮೆ ಓದಿ.

ಬೆಂಜ್‌ನ ಹಳೆಯ ಡಬ್ಲ್ಯು211 ಇ-ಕ್ಲಾಸ್‌ನಲ್ಲಿ ಇದಕ್ಕಿಂತ ಅಪಾಯದ ಸಂಗತಿಯಿದೆ. 2006ರ ತನಕದ ಅನೇಕ ಕಾರುಗಳಲ್ಲಿ ಎಸ್‌ಬಿಸಿ ಎಂಬ ಎಲೆಕ್ಟ್ರಾನಿಕ್ ಬ್ರೇಕ್ ಇದೆ. ಬಾಗಿಲು ತೆರೆದರೂ, ರಿಮೋಟ್ ಒತ್ತಿದರೂ ಪಂಪ್ ತಾನಾಗಿ ಒತ್ತಡ ಕಟ್ಟಿ ಪಿಸ್ಟನ್ ತಳ್ಳಬಹುದು. ಬೆರಳು ನಡುವೆ ಇದ್ದರೆ ಜಜ್ಜಿಹೋಗುತ್ತದೆ. ಸ್ಕ್ಯಾನರಿನಿಂದ ಎಸ್‌ಬಿಸಿ ನಿಷ್ಕ್ರಿಯಗೊಳಿಸಿ, ಪರದೆಯಲ್ಲಿ ಅದು ಖಚಿತವಾಗದೆ ಆ ಕಾರಿನ ಕ್ಯಾಲಿಪರ್ ಮುಟ್ಟಬೇಡಿ. ನಿಮ್ಮ ಸ್ಕ್ಯಾನರಿನಲ್ಲಿ ಈ ಆಯ್ಕೆ ಇಲ್ಲವೆಂದರೆ ಆ ಕೆಲಸ ನಿಮ್ಮದಲ್ಲ.

ಬ್ಯಾಟರಿ ಬದಲಿಸಿದರೆ ಸಾಲದು

ಬಿಎಂಡಬ್ಲ್ಯುವಿನ ಎಂಜಿನ್ ಕಂಪ್ಯೂಟರ್ ಬ್ಯಾಟರಿಯ ವಯಸ್ಸಿನ ಲೆಕ್ಕ ಇಟ್ಟು ಅದಕ್ಕೆ ತಕ್ಕಂತೆ ಚಾರ್ಜ್ ಮಾಡುತ್ತದೆ. ಹೊಸದನ್ನು ಕೂರಿಸಿ ರಿಜಿಸ್ಟರ್ ಮಾಡದಿದ್ದರೆ ಹಳೆಯದೇ ಇದೆ ಎಂದುಕೊಂಡು ಹಳೆಯ ರೀತಿಯಲ್ಲೇ ನಡೆಸುತ್ತದೆ, ಹೊಸ ಬ್ಯಾಟರಿಯ ಆಯುಷ್ಯ ಕುಗ್ಗುತ್ತದೆ. ಅದೇ ಮಾದರಿ, ಅದೇ ಆ್ಯಂಪಿಯರ್-ಅವರ್ ಆದರೆ ರಿಜಿಸ್ಟ್ರೇಷನ್ ಸಾಕು, ಎರಡು ನಿಮಿಷದ ಕೆಲಸ. ಸಾಮಾನ್ಯ ಬ್ಯಾಟರಿಯಿಂದ ಎಜಿಎಂ ಎಂಬ ಬೇರೆ ಬಗೆಯದಕ್ಕೆ ಹೋದರೆ ಅಥವಾ 80ರಿಂದ 90 ಆ್ಯಂಪಿಯರ್-ಅವರ್‌ಗೆ ಏರಿಸಿದರೆ ಅದನ್ನು ಕೋಡಿಂಗ್‌ನಲ್ಲೂ (ಕಂಪ್ಯೂಟರಿನಲ್ಲಿ ಬರೆದಿಟ್ಟ ಸೆಟ್ಟಿಂಗ್‌ನಲ್ಲೂ) ಬದಲಿಸಬೇಕು. ಅಗ್ಗದ ಸ್ಕ್ಯಾನರ್‌ಗಳಲ್ಲಿ ಕೆಲವು ರಿಜಿಸ್ಟರ್ ಮಾತ್ರ ಮಾಡುತ್ತವೆ. ಕೊಳ್ಳುವ ಮುನ್ನ ನಿಮ್ಮ ಮಾಡೆಲ್‌ಗೆ ಎರಡೂ ಆಗುತ್ತದೆಯೇ ಎಂದು ತಯಾರಕರ ಪಟ್ಟಿಯಲ್ಲಿ ನೋಡಿಕೊಳ್ಳಿ, ಇಲ್ಲವಾದರೆ ಮೊದಲಿದ್ದ ಅಳತೆಯ ಬ್ಯಾಟರಿಯನ್ನೇ ಹಾಕಿ.

ಆಡಿಯಲ್ಲಿ ಪಾರ್ಟ್ ನಂಬರ್, ತಯಾರಕರ ಕೋಡ್, ಸೀರಿಯಲ್ ನಂಬರ್ ಬರೆಯಬೇಕಾಗುತ್ತದೆ. ಅಂಗಡಿಯ ಬ್ಯಾಟರಿ ಮೇಲೆ ಆ ಚೀಟಿ ಇಲ್ಲದಿದ್ದರೆ, ಅಳತೆ ಒಂದೇ ಆಗಿರುವಾಗ, ಹಳೆಯ ಸೀರಿಯಲ್‌ನ ಕೊನೆಯ ಅಂಕೆ ಬದಲಿಸಿ ಬರೆದರೆ ಕಾರು ಹೊಸ ಬ್ಯಾಟರಿ ಎಂದು ಒಪ್ಪಿಕೊಳ್ಳುತ್ತದೆ.

ಕೋಡ್ ಎಂದರೆ ಪಾರ್ಟ್‌ನ ಹೆಸರಲ್ಲ

ಅತಿ ಹೆಚ್ಚು ದುಡ್ಡು ಪೋಲಾಗುವುದು ಇಲ್ಲಿ. ಪಿ0171 ಎಂದು ಬಂದ ಕೂಡಲೇ ಆಕ್ಸಿಜನ್ ಸೆನ್ಸರ್ ಹುಡುಕಿಕೊಂಡು ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೊರಡುವವರಿದ್ದಾರೆ. ಕೋಡ್ ಹೇಳಿದ್ದು ಇಷ್ಟೇ: ಪೆಟ್ರೋಲಿಗಿಂತ ಗಾಳಿ ಹೆಚ್ಚಾಗಿದೆ, ಸರಿತೂಗಿಸಲು ನನ್ನಿಂದ ಆಗುತ್ತಿಲ್ಲ. ಸೆನ್ಸರ್ ಇಲ್ಲಿ ದೂರು ಕೊಟ್ಟ ಸಾಕ್ಷಿ.

ಎಂಜಿನ್ ಬಿಸಿಯಾದ ಮೇಲೆ ಲೈವ್ ಡೇಟಾದಲ್ಲಿ ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಂಕೆ) ಎರಡನ್ನೂ ತೆರೆದಿಡಿ. ಎರಡೂ ಕೂಡಿ ಪ್ಲಸ್ ಅಥವಾ ಮೈನಸ್ 10ರೊಳಗೆ ಇದ್ದರೆ ಚಿಂತೆಯಿಲ್ಲ. ಐಡ್ಲಿಂಗ್‌ನಲ್ಲಿ ಪ್ಲಸ್ 20 ಇದ್ದು, ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂನಲ್ಲಿ ಹಿಡಿದಾಗ ಪ್ಲಸ್ 4ಕ್ಕೆ ಇಳಿದರೆ ಎಲ್ಲೋ ಗಾಳಿ ಒಳಕ್ಕೆ ಸೋರುತ್ತಿದೆ. ಸೋರಿಕೆ ಎರಡೂ ಹೊತ್ತು ಅಷ್ಟೇ ಇದ್ದರೂ ಐಡ್ಲಿಂಗ್‌ನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಕಡಿಮೆ, ಅದರಲ್ಲಿ ಸೋರಿಕೆಯ ಪಾಲು ದೊಡ್ಡದು. ಇದಕ್ಕೆ ತಿರುಗಾಮುರುಗಾ, ಐಡ್ಲಿಂಗ್‌ನಲ್ಲಿ ಸರಿಯಿದ್ದು ವೇಗದಲ್ಲಿ ಟ್ರಿಮ್ ಏರಿದರೆ ಫ್ಯೂಯಲ್ ಪಂಪ್, ಫಿಲ್ಟರ್ ಅಥವಾ ಏರ್‌ಫ್ಲೋ ಸೆನ್ಸರ್ ಕಡೆ ನೋಡಿ. ಆಡಿಯ 2.0 ಟಿಎಫ್‌ಎಸ್‌ಐನಲ್ಲಿ ಮೊದಲ ಬಗೆ ಕಂಡರೆ ಐಡ್ಲಿಂಗ್‌ನಲ್ಲೇ ಆಯಿಲ್ ಮುಚ್ಚಳ ತೆಗೆಯಲು ನೋಡಿ. ಯಾರೋ ಒಳಗಿನಿಂದ ಹಿಡಿದುಕೊಂಡಂತೆ ಬಿಗಿಯಾಗಿದ್ದರೆ, ಸೀಟಿಯಂಥ ಸದ್ದೂ ಇದ್ದರೆ, ಎಂಜಿನ್ ಒಳಗಿನ ಆವಿಯನ್ನು ಮರಳಿ ಉರಿಯಲು ಕಳಿಸುವ ಪಿಸಿವಿ ವಾಲ್ವ್‌ನ ಪೊರೆ ಹರಿದಿರುವ ಸಂಭವ ಹೆಚ್ಚು. ಸೆನ್ಸರ್ ಬದಲಿಸಿದ್ದರೆ ಅದು ಗೊತ್ತೇ ಆಗುತ್ತಿರಲಿಲ್ಲ.

ಏರ್‌ಬ್ಯಾಗ್ ಕೋಡ್‌ನಲ್ಲಿ 'ರೆಸಿಸ್ಟೆನ್ಸ್ ಹೆಚ್ಚು' ಎಂದಿದ್ದರೆ ಬಹುಪಾಲು ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಸಡಿಲಾಗಿರುತ್ತದೆ. ಬ್ಯಾಟರಿ ಬಿಚ್ಚಿ, ಹತ್ತು ಹದಿನೈದು ನಿಮಿಷ ಬಿಟ್ಟು, ಕನೆಕ್ಟರ್ ತೆಗೆದು ಸ್ವಚ್ಛ ಮಾಡಿ ಹಾಕಿ. ಏರ್‌ಬ್ಯಾಗ್ ಕಡೆಯ ಪಿನ್‌ಗಳಿಗೆ ಮಲ್ಟಿಮೀಟರ್ ಹಚ್ಚಲೇಬಾರದು. ಮೀಟರಿನ ಸಣ್ಣ ಕರೆಂಟೂ ಅದನ್ನು ಸಿಡಿಸಬಹುದು.

ಡೀಸೆಲ್ ಕಾರುಗಳ ಡಿಪಿಎಫ್ ಸುಡುವ ಆಯ್ಕೆಯನ್ನು ಕಂಡಾಗೆಲ್ಲ ಒತ್ತುವುದಲ್ಲ. ಆಯಿಲ್ ಮಟ್ಟ ಮ್ಯಾಕ್ಸ್ ಗೆರೆ ದಾಟಿದ್ದರೆ, ಅರ್ಧಕ್ಕೇ ನಿಂತ ಹಿಂದಿನ ಸುಡುವಿಕೆಗಳ ಡೀಸೆಲ್ ಆಯಿಲಿಗೆ ಬೆರೆತಿದೆ ಎಂದರ್ಥ. ಮೊದಲು ಆಯಿಲ್ ಬದಲಿಸಿ. ಸೈಲೆನ್ಸರ್ ಒಳಗಿನ ಶಾಖ 600 ಡಿಗ್ರಿ ದಾಟುತ್ತದೆ, ಒಣಹುಲ್ಲಿನ ಮೇಲೆ ಅಥವಾ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಮಾಡಬೇಡಿ.

ಎಲ್ಲಿ ಕೈಚೆಲ್ಲುತ್ತದೆ

ಡಬ್ಲ್ಯು204 ಸಿ-ಕ್ಲಾಸ್ ಓಡುತ್ತಿದ್ದಂತೆ ಒಂದೇ ಗೇರಿನಲ್ಲಿ ಸಿಕ್ಕಿಕೊಂಡು, ಗೇರ್‌ಬಾಕ್ಸ್ ಮಾಡ್ಯೂಲ್‌ನಲ್ಲಿ ಪಿ2767 ಅಥವಾ ವೈ3/8 ಸ್ಪೀಡ್ ಸೆನ್ಸರ್ ಕೋಡ್ ಬಂದಿದೆ ಎಂದುಕೊಳ್ಳಿ. 7ಜಿ-ಟ್ರಾನಿಕ್ ಗೇರ್‌ಬಾಕ್ಸಿನ ಹೆಸರಾಂತ ಕಾಯಿಲೆ ಇದು. ಸೆನ್ಸರ್‌ಗಳು ಗೇರ್‌ಬಾಕ್ಸ್ ಒಳಗಿನ ಕಂಡಕ್ಟರ್ ಪ್ಲೇಟ್‌ನಲ್ಲಿವೆ, ಕಂಟ್ರೋಲ್ ಯೂನಿಟ್ಟೂ ಅದರ ಜತೆಗೇ ಕೂತಿದೆ. ಐಕಾರ್‌ಸಾಫ್ಟ್ ಇದನ್ನು ಸರಿಯಾಗಿ ಪತ್ತೆ ಹಚ್ಚುತ್ತದೆ, ಸೆನ್ಸರಿನ ಆರ್‌ಪಿಎಂ ಸೊನ್ನೆಗೆ ಬೀಳುವುದನ್ನೂ ತೋರಿಸುತ್ತದೆ. ಆದರೆ ಹೊಸ ಯೂನಿಟ್ ತಂದು ಹಾಕಿದರೆ ಕಾರು ಹೊರಡುವುದಿಲ್ಲ. ಅದು ಕಳ್ಳತನ ತಡೆಯ ವ್ಯವಸ್ಥೆಗೆ ಸೇರಿದ ಭಾಗ, ಬೆಂಜ್ ಸರ್ವರ್‌ಗೆ ಜೋಡಿಸಿ ಎಸ್‌ಸಿಎನ್ ಕೋಡಿಂಗ್ ಮಾಡಲೇಬೇಕು. ಇಲ್ಲಿ ಹೇಳಿದ ಯಾವ ಕೈಯಂತ್ರದಿಂದಲೂ ಆಗುವ ಕೆಲಸವಲ್ಲ. ಹಾಗೆಂದು ಓದಿದ್ದು ವ್ಯರ್ಥವಲ್ಲ. ಇಡೀ ಗೇರ್‌ಬಾಕ್ಸ್ ಬದಲಿಸಬೇಕು ಎಂಬ ಅಂದಾಜು ಕೈಗೆ ಬಂದಾಗ, ನಿಮ್ಮದೇ ಕಂಟ್ರೋಲ್ ಯೂನಿಟ್ ಉಳಿಸಿಕೊಂಡು ಸೆನ್ಸರ್ ರಿಪೇರಿ ಮಾಡುವವರನ್ನು ಹುಡುಕಬಹುದು ಎಂಬುದು ಗೊತ್ತಿರುತ್ತದೆ.

ಕೀ ಸೇರಿಸುವುದು, ಕಳ್ಳತನ ತಡೆಯುವ ಇಮ್ಮೊಬಿಲೈಜರ್, ಮಾಡ್ಯೂಲ್ ಪ್ರೋಗ್ರಾಮಿಂಗ್ ಇವೂ ಇದೇ ಗುಂಪು. 2020ರ ನಂತರದ ಹೊಸ ತಲೆಮಾರಿನ ಆಡಿ, ಫೋಕ್ಸ್‌ವ್ಯಾಗನ್‌ಗಳಲ್ಲಿ ಎಸ್‌ಎಫ್‌ಡಿ ಎಂಬ ಬೀಗ ಬಂದಿದೆ. ಓದಲು ತೊಂದರೆಯಿಲ್ಲ, ಕೋಡಿಂಗ್ ಬದಲಿಸಲು ಆನ್‌ಲೈನ್ ಅನುಮತಿ ಬೇಕು.

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋಗುವಾಗ

ಸ್ಕ್ಯಾನರನ್ನು ಜತೆಗೆ ಒಯ್ಯಿರಿ. ಡ್ಯಾಶ್‌ಬೋರ್ಡಿನಲ್ಲಿ ಒಂದೂ ದೀಪವಿಲ್ಲ ಎಂಬುದು ಸಾಕ್ಷಿಯಲ್ಲ. ಲೈವ್ ಡೇಟಾದಲ್ಲಿ 'ಕೋಡ್ ಅಳಿಸಿದ ಮೇಲೆ ಓಡಿದ ದೂರ' ಎಂಬ ಸಾಲಿದೆ, ಒಬಿಡಿ ಮೆನುವಿನಲ್ಲೇ ಸಿಗುತ್ತದೆ. ಅಲ್ಲಿ 6 ಕಿಲೋಮೀಟರ್ ಎಂದಿದ್ದರೆ ನೀವು ಬರುವ ಸ್ವಲ್ಪ ಮುಂಚೆ ಯಾರೋ ಅಳಿಸಿದ್ದಾರೆ. ರೆಡಿನೆಸ್ ಮಾನಿಟರ್‌ಗಳೂ (ಹೊಗೆ ನಿಯಂತ್ರಣದ ಭಾಗಗಳನ್ನು ಕಾರು ತಾನೇ ಮಾಡಿಕೊಳ್ಳುವ ಪರೀಕ್ಷೆಗಳು) ಅಪೂರ್ಣ ಎಂದು ತೋರಿಸುತ್ತವೆ. ಬ್ಯಾಟರಿ ಬದಲಿಸಿದೆವು ಎಂಬ ಉತ್ತರ ಬಂದರೆ ಬ್ಯಾಟರಿಯ ತಾರೀಖು ನೋಡಿ.

ಮೀಟರ್ ತಿರುಗಿಸಿದ್ದನ್ನೂ ಹಿಡಿಯಬಹುದು. ಆಡಿ, ಬಿಎಂಡಬ್ಲ್ಯುಗಳ ಫಾಲ್ಟ್ ವಿವರದೊಳಗೆ ಅದು ದಾಖಲಾದಾಗಿನ ಕಿಲೋಮೀಟರ್ ಇರುತ್ತದೆ. ಮೀಟರ್ 58,000 ತೋರಿಸುತ್ತಿದ್ದು, ಬಾಗಿಲಿನ ಮಾಡ್ಯೂಲ್‌ನಲ್ಲಿ ಮರೆತುಹೋದ ಯಾವುದೋ ಹಳೆಯ ಕೋಡ್ 1,04,000 ಕಿಲೋಮೀಟರ್‌ನಲ್ಲಿ ಬಂದಿದೆ ಎಂದು ಹೇಳಿದರೆ ಮಾತು ಮುಗಿಯಿತು. ಎಂಜಿನ್ ಕೋಡ್ ಅಳಿಸುವವರಿಗೆ ಸೀಟು, ಬಾಗಿಲು, ಎಸಿ ಮಾಡ್ಯೂಲ್‌ಗಳ ನೆನಪು ಬರುವುದು ಕಡಿಮೆ. ಆದ್ದರಿಂದ ಎಲ್ಲ ಮಾಡ್ಯೂಲ್ ಓದುವ ಯಂತ್ರವೇ ಬೇಕು ಎಂದದ್ದು.

ಕೊಳ್ಳುವಾಗ ಬಿಲ್ ಇರುವ ಕಡೆಯೇ ಕೊಳ್ಳಿ. ಮನೆಗೆ ಬಂದ ದಿನವೇ ಸೀರಿಯಲ್ ನಂಬರನ್ನು ತಯಾರಕರ ತಾಣದಲ್ಲಿ ನೋಂದಾಯಿಸಿ, ಅಪ್‌ಡೇಟ್ ಹಾಕಿ. ನೋಂದಣಿ ಆಗದಿದ್ದರೆ ನಕಲಿ ಅಥವಾ ಈಗಾಗಲೇ ಬೇರೆಯವರ ಹೆಸರಿನಲ್ಲಿರುವ ಯಂತ್ರ. ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಹಿಂದಿರುಗಿಸಿ. ಮತ್ತೆ, ಕೆಲಸ ಮುಗಿದ ಮೇಲೆ ಯಂತ್ರವನ್ನು ಸಾಕೆಟ್‌ನಲ್ಲೇ ಬಿಡಬೇಡಿ. 16ನೇ ಪಿನ್‌ಗೆ ಇಗ್ನಿಷನ್ ಆಫ್ ಆದರೂ ಕರೆಂಟ್ ಇರುತ್ತದೆ. ಮಾಡ್ಯೂಲ್‌ಗಳ ನಡುವೆ ಸಂದೇಶ ಸಾಗಿಸುವ ಗೇಟ್‌ವೇ ನಿದ್ದೆಗೆ ಹೋಗದೆ ನಾಲ್ಕೈದು ದಿನ ನಿಂತ ಕಾರು ಬೆಳಿಗ್ಗೆ ಸ್ಟಾರ್ಟ್ ಆಗದೇ ಹೋಗಬಹುದು.